ಉದ್ಯಾನಗಳೆಂಬ ಹೆಸರಿನ ನಗರ

ಅರಬಿಯಲ್ಲಿ ‘ರೌದಾ’ ಎಂದರೆ ಉದ್ಯಾನ. ಅದರ ಬಹುವಚನ ‘ರಿಯಾದ್’. ಮದ್ರಸಾದಲ್ಲಿ ವ್ಯಾಕರಣ ಪಾಠ ಮಾಡುವಾಗ ಸೌದಿ ಅರೇಬಿಯದ ರಾಜಧಾನಿಯನ್ನೇ ಉದಾಹರಣೆಯಾಗಿ ಕೊಡುವುದು ನನ್ನ ರೂಢಿ. ವಾದಿ ಹನೀಫಾ ಕಣಿವೆಯ ಬಳಿ, ಬಾವಿ ನೀರಿನ ಆಸರೆಯಲ್ಲಿ ಖರ್ಜೂರದ ತೋಟಗಳು ಬೆಳೆದಿದ್ದ ಊರದು. ಹೀಗಾಗಿ ಉಮ್ರಾ ಮುಗಿಸಿ, ಮಕ್ಕಾದಿಂದ ಸುಮಾರು 900 ಕಿ.ಮೀ. ದೂರದ ಆ ನಗರಕ್ಕೆ ಬಸ್ಸಿನಲ್ಲಿ ಹೊರಟಾಗ ಮನಸ್ಸಿನಲ್ಲಿ ಹಸಿರೇ ತುಂಬಿತ್ತು. ಅಲ್ಲಿ ದುಡಿಯುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನನ್ನು ಕಾಣುವ ಆಸೆಯೂ ಇತ್ತು.

ಕಂಡದ್ದು ಬೇರೆ. ಅದು ಜುಲೈ ತಿಂಗಳು. ಹಗಲಿನಲ್ಲಿ ಬೀದಿಗೆ ಇಳಿಯಲು ಧೈರ್ಯ ಸಾಲದು. ಇಳಿದರೂ ನಡೆಯಲು ದಾರಿಯಿಲ್ಲ. ಎಪ್ಪತ್ತು ಲಕ್ಷ ಜನರ ಆ ಊರು ಕಾರುಗಳಿಗಾಗಿಯೇ ಕಟ್ಟಿದಂತಿದೆ. 1902ರಲ್ಲಿ ಅಬ್ದುಲ್ ಅಝೀಝ್ ವಶಪಡಿಸಿಕೊಂಡ ಮಸ್ಮಕ್ ಕೋಟೆಯ ಮಣ್ಣಿನ ಗೋಡೆಗಳು ಗಂಭೀರವಾಗಿ ನಿಂತಿವೆ. ಆದರೆ ಅದರ ಸುತ್ತ ಇದ್ದ ಹಳೆಯ ಮಣ್ಣಿನ ಊರು ಬಹುಪಾಲು ಅಳಿದುಹೋಗಿದೆ. ಸಂಜೆ 302 ಮೀಟರ್ ಎತ್ತರದ ಕಿಂಗ್‌ಡಮ್ ಗೋಪುರದ ನೆತ್ತಿಯ ಸೇತುವೆಗೆ ಹೋದೆವು. ಕೆಳಗೆ ದಿಗಂತದವರೆಗೂ ದೀಪಗಳು. ಮನುಷ್ಯರಾರೂ ಕಾಣಲಿಲ್ಲ. ನನ್ನ ನಿರಾಸೆಯನ್ನು ಬಾಯಿಬಿಟ್ಟು ಹೇಳಿದೆ.

ಶಿಷ್ಯ ನಕ್ಕ. “ಉಸ್ತಾದ್, ಆರು ವರ್ಷದಿಂದ ಇಲ್ಲಿದ್ದೇನೆ. ಇದರ ಮೇಲೆ ಬಂದದ್ದು ಇವತ್ತೇ ಮೊದಲು.”

ಅವನದು ಕಟ್ಟಡಗಳ ನೀರಿನ ಕೊಳವೆಗಳನ್ನು ದುರಸ್ತಿ ಮಾಡುವ ಕೆಲಸ. ಮಗ್ರಿಬ್‌ಗೆ ವುಝೂ ಮಾಡುವಾಗ ಅವನು ನಲ್ಲಿಯನ್ನು ಎಳೆನೀರಿನಷ್ಟೇ ತೆರೆದ. ಜುಬೈಲ್ ಕರಾವಳಿಯಲ್ಲಿ ಸಮುದ್ರದ ಉಪ್ಪುನೀರನ್ನು ಸಿಹಿ ಮಾಡಿ, 400 ಕಿ.ಮೀ.ಗೂ ಹೆಚ್ಚು ದೂರದಿಂದ, ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದ ಈ ಊರಿಗೆ ಪಂಪ್ ಮಾಡುತ್ತಾರಂತೆ. ತೋಟವಿದ್ದ ಕಾಲದಲ್ಲಿ ನೀರು ಕಾಲ ಕೆಳಗಿತ್ತು. ಈಗ ಕಡಲಿನಿಂದ ಬರಬೇಕು.

ಶುಕ್ರವಾರ ಅವನು ನನ್ನನ್ನು ಬತ್‌ಹಾಕ್ಕೆ ಕರೆದೊಯ್ದ. ಅಲ್ಲಿ ಮಲಯಾಳಂ, ಬಂಗಾಳಿ, ಉರ್ದು ಮಾತುಗಳ ನಡುವೆ ನಮ್ಮ ಕರಾವಳಿಯ ಬ್ಯಾರಿ ಮಾತೂ ಕಿವಿಗೆ ಬಿತ್ತು. ಬಳಿಕ ಅವನ ಕೋಣೆ ನೋಡಿದೆ. ಆರು ಜನ, ಅಟ್ಟಣಿಗೆ ಮಂಚಗಳು, ಒಂದೇ ಕಿಟಕಿ. ಉಮ್ಮನಿಗೆ ವಿಡಿಯೋ ಕರೆ ಮಾಡುವಾಗ ಅವನು ಮಂಚಗಳಿಗೆ ಬೆನ್ನು ಹಾಕದೆ, ಕಿಟಕಿಯ ಪರದೆಯ ಮುಂದೆ ನಿಂತ. ಕರೆ ಮುಗಿದ ಮೇಲೆ ಮೆಲ್ಲಗೆ ಹೇಳಿದ: “ತಮ್ಮ ಪಿಯುಸಿ ಮುಗಿಸಿದ್ದಾನೆ. ಅವನನ್ನೂ ಇಲ್ಲಿಗೆ ಕರೆಸು ಎನ್ನುತ್ತಾರೆ. ಅವನು ಪದವಿ ಓದಲಿ, ಉಸ್ತಾದ್. ನಾನು ಹೇಳಿದರೆ ಉಮ್ಮ ಕಾರಣ ಕೇಳುತ್ತಾರೆ. ನೀವು ಹೇಳಿ.”

ಊರಿಗೆ ಮರಳಿ ಆ ಮನೆಗೆ ಹೋದೆ. ಕಿರಿಯವನ ಓದಿನ ವಿಷಯವನ್ನಷ್ಟೇ ಮಾತನಾಡಿದೆ. ತಾಯಿ ಎಲ್ಲವನ್ನೂ ಕೇಳಿಸಿಕೊಂಡು, ನಾನು ನಿರೀಕ್ಷಿಸದ ಪ್ರಶ್ನೆಯೊಂದನ್ನು ಕೇಳಿದರು: “ನನ್ನ ಮಗ ಎಲ್ಲಿ ಮಲಗುತ್ತಾನೆ?” ಸುಳ್ಳಾಡುವಂತಿರಲಿಲ್ಲ. ಕಂಡದ್ದನ್ನು ಕೂಡಿಸದೆ ಕಳೆಯದೆ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಮರುವಾರ ಕಿರಿಯವನು ಕಾಲೇಜಿಗೆ ಅರ್ಜಿ ಹಾಕಿದ.

ಪ್ರಿಯ ಓದುಗರೇ, ದುಡಿಮೆಯ ಅನ್ನ ಪವಿತ್ರವಾದುದು. ಗಲ್ಫ್‌ಗೆ ಹೋಗುವುದು ತಪ್ಪೆಂದು ನಾನು ಹೇಳುತ್ತಿಲ್ಲ. ನಮ್ಮ ಎಷ್ಟೋ ಮನೆಗಳ ಒಲೆ ಉರಿಯುವುದು, ಎಷ್ಟೋ ಸಹೋದರಿಯರ ನಿಕಾಹ್ ನೆರವೇರುವುದು ಆ ಹಣದಿಂದಲೇ. ಆದರೆ ಮರಳುಗಾಡಿನಿಂದ ಮಗನ ಕರೆ ಬಂದಾಗ ಹಣ ಯಾವಾಗ ಕಳುಹಿಸುತ್ತೀ ಎಂದು ಕೇಳುವ ಮೊದಲು ಉಂಡೆಯಾ, ನಿದ್ದೆ ಬಂತೇ ಎಂದು ಕೇಳೋಣ. ಅವನು ಪರದೆಯ ಮುಂದೆ ನಿಂತಿದ್ದರೆ, ಸ್ವಲ್ಪ ಸರಿದು ನಿಲ್ಲು ಎನ್ನೋಣ. ದೂರದಲ್ಲಿ ದುಡಿಯುವ ನಮ್ಮ ಮಕ್ಕಳೆಲ್ಲರ ಬೆವರಿನಲ್ಲಿ ಅಲ್ಲಾಹನು ಬರಕತ್ತನ್ನು ಕರುಣಿಸಲಿ. ಆಮೀನ್.