ಪಂಚನ ಸಹಿ

ನಮ್ಮ ಭಾಗದಲ್ಲಿ ‘ಪಂಚ’ ಎಂಬ ಶಬ್ದಕ್ಕೆ ಹಿಂದೆ ಬಹಳ ಮಾನವಿತ್ತು. ಊರ ವ್ಯಾಜ್ಯವನ್ನು ಐವರು ಹಿರಿಯರು ಕೂಡಿ ಹರಿಸುತ್ತಿದ್ದರು. ಅವರ ಮಾತನ್ನು ಮೀರಿದವನಿಗೆ ಊರೊಳಗೆ ನೀರು ಬೆಂಕಿ ದೊರೆಯುವುದು ಕಷ್ಟವಾಗುತ್ತಿತ್ತು. ಈಗಿನ ಕಾಯದೆಯಲ್ಲಿ ಪಂಚನ ಅಧಿಕಾರವೆಲ್ಲವೂ ಒಂದು ಸಹಿಯೊಳಗೆ ಅಡಗಿ ಕುಳಿತಿದೆ. ಪೋಲೀಸರಾಗಲಿ ಅರಣ್ಯ ಖಾತೆಯವರಾಗಲಿ ಒಂದು ಸ್ಥಳವನ್ನು ಶೋಧಿಸಿ ವಸ್ತುವನ್ನು ವಶಪಡಿಸಿಕೊಳ್ಳುವಾಗ, ಅದನ್ನು ಕಣ್ಣಾರೆ ಕಂಡ ಇಬ್ಬರಾದರೂ ಸ್ವತಂತ್ರರೂ ಗೌರವಸ್ಥರೂ ಆದ ನಿವಾಸಿಗಳು ಪಂಚನಾಮೆಗೆ ಸಹಿ ಹಾಕಬೇಕು. ಗೌರವಸ್ಥರು ನಮ್ಮ ಅವಳಿ ಊರುಗಳಲ್ಲಿ ಹೇರಳವಾಗಿದ್ದಾರೆ. ಆದರೆ ಇಂಥ ಸಹಿಗೆ ಕರೆದಾಗ ಅವರೆಲ್ಲರಿಗೂ ಒಮ್ಮೆಲೇ ಏನಾದರೊಂದು ತುರ್ತು ಕೆಲಸ ನೆನಪಾಗುತ್ತದೆ.

2009ನೆಯ ಇಸವಿಯಲ್ಲಿ ಅಂಥದೊಂದು ಕರೆ ನನಗೆ ಬಂದಿತು. ನಾನು ಆಗ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರನಾಗಿದ್ದೆ. ಅರಣ್ಯ ಖಾತೆಯ ಅಧಿಕಾರಿಗಳು ಶಾಲೆಗೆ ಬಂದು ಇಬ್ಬರನ್ನು ಕೇಳಿದರು. ನಾನೂ ನನ್ನೊಬ್ಬ ಸಹೋದ್ಯೋಗಿಗಳೂ ಹೊರಟೆವು. ಹುಬ್ಬಳ್ಳಿಯ ಒಂದು ವಸತಿಗೃಹದ ಕೋಣೆಯಲ್ಲಿ ಗೋಣಿಚೀಲವೊಂದನ್ನು ನಮ್ಮೆದುರಿಗೆ ಬಿಚ್ಚಲಾಯಿತು. ಅದರೊಳಗಿಂದ ಹೊರಬಂದದ್ದು ಒಂದು ಚಿರತೆಯ ಚರ್ಮ. ಅದನ್ನು ನೆಲದ ಮೇಲೆ ಹಾಸಿದಾಗ ಆ ಕೋಣೆಯಲ್ಲಿ ನಿಲ್ಲಲು ಸ್ಥಳವೇ ಉಳಿಯಲಿಲ್ಲ. ಮೂಗಿನಿಂದ ಬಾಲದ ತುದಿಯವರೆಗೆ ಆರು ಅಡಿ ನಾಲ್ಕು ಅಂಗುಲವೆಂದು ಅಳೆದರು. ಕುತ್ತಿಗೆಯ ಸುತ್ತಲೂ ಉರುಲಿನ ತಂತಿ ಕೊಯ್ದ ಗುರುತಿತ್ತು. ಗುಂಡಿನ ತೂತು ಇರಲಿಲ್ಲ. ಬರೆದುಕೊಳ್ಳುತ್ತಿದ್ದ ಗಾರ್ಡ ನಾಲ್ಕೂ ಪಾದಗಳನ್ನು ಒಂದೊಂದಾಗಿ ತಿರುವಿ ನೋಡಿ, “ಉಗುರು ಇಲ್ಲರೀ” ಎಂದನು. ಹಾಗೆಯೇ ಪಂಚನಾಮೆಯಲ್ಲಿ ಬರೆದರು: “ನಾಲ್ಕೂ ಪಾದಗಳಲ್ಲಿ ಉಗುರುಗಳು ಇರುವುದಿಲ್ಲ.” ಚೀಲವನ್ನು ತಂದವನು ಇಪ್ಪತ್ತೈದರ ಹರೆಯದವನು, ಕಾಡಂಚಿನ ಹಳ್ಳಿಯವನು. ಅವನು ನಮ್ಮ ಕಡೆಗೂ ನೋಡಲಿಲ್ಲ, ಚರ್ಮದ ಕಡೆಗೂ ನೋಡಲಿಲ್ಲ. ಅರಗಿನ ಮುದ್ರೆ ಬಿದ್ದಿತು. ನಾವು ಸಹಿ ಮಾಡಿದೆವು. ಸಂಜೆಯ ಬಸ್ಸಿಗೆ ಧಾರವಾಡಕ್ಕೆ ಮರಳಿದೆವು.

ಹುಬ್ಬಳ್ಳಿಯಲ್ಲಿ ಇಂಥ ಸರಕು ಸಿಕ್ಕಿತೆಂದು ವಾಚಕರು ಆಶ್ಚರ್ಯಪಡಬೇಕಾದುದಿಲ್ಲ. ನಮ್ಮ ಊರು ಕೂಡುದಾರಿಯ ಊರು. ಪಡುವಣಕ್ಕೆ ಹಳಿಯಾಳದ ದಾರಿ ಹಿಡಿದರೆ ಎರಡು ತಾಸಿನೊಳಗೆ ದಾಂಡೇಲಿಯ ಅಡವಿ. 1956ರಲ್ಲಿ ಅಭಯಾರಣ್ಯವಾಗಿ, 2007ರಲ್ಲಿ ಅಣಶಿಯೊಡನೆ ಕೂಡಿ ಹುಲಿಗಳ ರಕ್ಷಿತ ಪ್ರದೇಶವಾಗಿ, 2015ರಿಂದ ಕಾಳಿ ಎಂಬ ಹೆಸರನ್ನು ಹೊತ್ತಿರುವ ಅಡವಿ ಅದೇ. ಮೂಡಣಕ್ಕೆ ಎರೆಯ ಬಯಲು. ತೆಂಕಣಕ್ಕೆ ರಾಣೆಬೆನ್ನೂರಿನ ಕೃಷ್ಣಮೃಗಗಳ ಧಾಮ, ಅದು 1974ರಲ್ಲಿ ಸ್ಥಾಪಿತವಾದಾಗ ನಮ್ಮ ಧಾರವಾಡ ಜಿಲ್ಲೆಗೇ ಸೇರಿದ್ದಿತು. ಪುಣೆ, ಬೆಂಗಳೂರು, ಗೋವೆ, ಕಾರವಾರ, ಗದಗಗಳ ದಾರಿಗಳು ಇಲ್ಲಿ ಸಂಧಿಸುತ್ತವೆ. ಹತ್ತಿ ಮೆಣಸಿನಕಾಯಿಗಳು ಸಾಗುವ ದಾರಿಯಲ್ಲಿಯೇ ಶ್ರೀಗಂಧದ ತುಂಡುಗಳೂ ನಕ್ಷತ್ರದ ಆಮೆಗಳೂ ಚಿಪ್ಪುಹಂದಿಯ ಚಿಪ್ಪುಗಳೂ, ನಿಧಿ ತೋರಿಸುವುದೆಂಬ ಹುಚ್ಚುನಂಬಿಕೆಗೆ ಬಲಿಯಾದ ಎರಡು ತಲೆಯ ಹಾವೂ ಸಾಗಬಲ್ಲವು.

ಈ ವ್ಯಾಪಾರವನ್ನು ತಡೆಯಲು ಕಾಯದೆ ಇಲ್ಲವೆಂದಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯದೆಯು ಬಿಗಿಯಾದುದು. ಚಿರತೆ, ಹುಲಿ, ಕೃಷ್ಣಮೃಗಗಳಂಥ ಮೊದಲನೆಯ ಪಟ್ಟಿಯ ಪ್ರಾಣಿಗಳ ವಿಷಯದಲ್ಲಿ ಅಪರಾಧ ಸಿದ್ಧವಾದರೆ ಮೂರು ವರ್ಷಕ್ಕೆ ಕಡಮೆಯಿಲ್ಲದ, ಏಳು ವರ್ಷದವರೆಗಿನ ಸೆರೆಮನೆ. ದಂಡವು ಆಗ 10,000 ರೂಪಾಯಿಗೆ ಕಡಮೆಯಿಲ್ಲದಂತೆ ಇದ್ದಿತು. 2022ರ ತಿದ್ದುಪಡಿಯಿಂದ ಅದು 25,000ಕ್ಕೆ ಏರಿದೆ. ಇನ್ನೂ ಒಂದು ವಿಶೇಷವುಂಟು. ಇಂಥ ವಸ್ತು ಒಬ್ಬನ ವಶದಲ್ಲಿ ಇತ್ತೆಂದು ಸ್ಥಾಪಿತವಾದರೆ, ಅದು ಕಾಯದೆಗೆ ವಿರುದ್ಧವಾಗಿ ಬಂದುದಲ್ಲವೆಂದು ತೋರಿಸುವ ಭಾರವು ಆರೋಪಿಯ ಮೇಲೆಯೇ ಬೀಳುತ್ತದೆ. ಆದರೆ ‘ವಶದಲ್ಲಿ ಇತ್ತು’ ಎಂಬ ಆ ಮೊದಲನೆಯ ಮೆಟ್ಟಿಲನ್ನು ಕಟ್ಟುವವರು ಯಾರು? ಅಧಿಕಾರಿಗಳ ಮಾತನ್ನು ವಕೀಲರು ಸುಲಭವಾಗಿ ಸಂಶಯಕ್ಕೆ ಈಡುಮಾಡುವರು. ಅಲ್ಲಿ ಬೇಕಾಗುವುದು ಪಂಚನ ಮಾತು. ಇಷ್ಟು ದೊಡ್ಡ ಕಾಯದೆಯು ಕಡೆಗೆ ಇಬ್ಬರು ಸಾಮಾನ್ಯ ಗೃಹಸ್ಥರ ನಾಲಗೆಯ ಮೇಲೆ ನಿಂತಿರುವುದನ್ನು ನೆನೆದಾಗ ನನಗೆ ಈಗಲೂ ಅಂಜಿಕೆಯಾಗುತ್ತದೆ.

ಐದು ವರ್ಷಗಳ ಮೇಲೆ ಕೋರ್ಟಿನ ಕರೆ ಬಂದಿತು. ಅದರ ಹಿಂದೆಯೇ ಒಬ್ಬ ಸಭ್ಯರು ಮನೆಗೆ ಬಂದರು. ಅವರು ಬೆದರಿಸಲಿಲ್ಲ, ಹಣವನ್ನು ತೋರಿಸಲಿಲ್ಲ. ಚಹ ಕುಡಿದರು, ನನ್ನ ಮಗಳ ಓದಿನ ವಿಷಯವನ್ನು ಕೇಳಿದರು. ಏಳುವಾಗ, “ಮಾಸ್ತರ, ನಿಮಗ್ಯಾಕ ಬೇಕರೀ ಊರ ಉಸಾಬರಿ? ಐದು ವರ್ಷ ಆತು. ನೆನಪಿಲ್ಲ ಅಂದ್ರ ಸಾಕು. ಸುಳ್ಳು ಹೇಳ್ರಿ ಅಂತ ನಾ ಹೇಳೂದಿಲ್ಲ” ಎಂದರು. ಅವರು ಹೋದ ಮೇಲೆ ನನ್ನ ಹೆಂಡತಿ ಬಹಳ ಹೊತ್ತು ಸುಮ್ಮನಿದ್ದು, “ನೆನಪದನ?” ಎಂದು ಕೇಳಿದಳು. “ಅದ” ಎಂದೆ. “ಮತ್ತ ಹೇಳ್ರಿ” ಎಂದು ಒಳಗೆ ಹೋದಳು. ಮರೆವೆಂಬುದು ಸುಳ್ಳಿನಷ್ಟು ಹೊಲಸಾಗಿ ಕಾಣುವುದಿಲ್ಲ. ಆದುದರಿಂದಲೇ ನಮ್ಮಂಥ ಮರ್ಯಾದಸ್ಥರಿಗೆ ಅದು ಬಲು ಅನುಕೂಲವಾದ ಪಾಪವಾಗಿದೆ.

ನನ್ನ ಸಹೋದ್ಯೋಗಿಗಳು ಮೊದಲು ಕಟಕಟೆಯನ್ನು ಏರಿದರು. ಬರೆಯದ ಬಿಳಿ ಹಾಳೆಯ ಮೇಲೆ ತಮ್ಮಿಂದ ಸಹಿ ಮಾಡಿಸಿಕೊಂಡರೆಂದು ಅವರು ನುಡಿದರು. ಅವರಿಗೆ ನಿವೃತ್ತಿ ಸಮೀಪಿಸಿತ್ತು. ಅವರ ಮನೆಗೂ ಅದೇ ಸಭ್ಯರು ಹೋಗಿದ್ದಿರಬೇಕು. ನಾನು ಅವರನ್ನು ನಿಂದಿಸಲಾರೆ. ನನ್ನ ಸರತಿ ಬಂದಾಗ ಆರೋಪಿಯ ವಕೀಲರು, “ನೀವು ಕಲಿಸುವುದು ಇತಿಹಾಸ. ಅದು ಚಿರತೆಯ ಚರ್ಮವೆಂಬುದು ನಿಮಗೆ ಹೇಗೆ ತಿಳಿಯಿತು?” ಎಂದು ಕೇಳಿದರು. “ಅದನ್ನು ಪ್ರಯೋಗಶಾಲೆಯವರು ಹೇಳಲಿ. ಈತನ ಚೀಲದಿಂದ ಅದು ಹೊರಬಂದುದನ್ನು ನಾನು ಕಂಡಿದ್ದೇನೆ. ಅದರ ನಾಲ್ಕೂ ಪಾದಗಳಲ್ಲಿ ಉಗುರುಗಳಿರಲಿಲ್ಲ” ಎಂದೆ. ನ್ಯಾಯಾಧೀಶರು ಪಂಚನಾಮೆಯನ್ನು ತಿರುವಿ ಆ ಸಾಲನ್ನು ಓದಿಕೊಂಡರು. ಹುಡುಗನಿಗೆ ಮೂರು ವರ್ಷಗಳ ಶಿಕ್ಷೆಯಾಯಿತು. ಅವನ ತಾಯಿ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದಳು. ನಾನು ಅಂದು ಸಂತೋಷಪಟ್ಟೆನೆಂದು ಹೇಳಿದರೆ ಅದು ಸುಳ್ಳಾದೀತು. ಚೀಲ ಹೊತ್ತವನು ಒಳಗೆ ಹೋದನು. ಹೊರಿಸಿದವನ ಹೆಸರು ಕೋರ್ಟಿನ ಯಾವ ಕಾಗದದಲ್ಲಿಯೂ ಬರಲಿಲ್ಲ.

ಆ ಉಗುರುಗಳು ಎಲ್ಲಿಗೆ ಹೋದವೆಂಬುದೇ ಅಂದಿನಿಂದ ನನ್ನನ್ನು ಕಾಡಿದ ಪ್ರಶ್ನೆ. ಚಿರತೆಗೆ ಮುಂಗಾಲುಗಳಲ್ಲಿ ಐದೈದು, ಹಿಂಗಾಲುಗಳಲ್ಲಿ ನಾಲ್ಕು ನಾಲ್ಕು, ಹೀಗೆ ಒಟ್ಟು 18 ಉಗುರುಗಳು. 2000ನೆಯ ಇಸವಿಯ ಜನವರಿಯಲ್ಲಿ ಉತ್ತರಪ್ರದೇಶದ ಖಾಗಾ ಎಂಬ ಊರಿನಲ್ಲಿ ಅಧಿಕಾರಿಗಳು 70 ಚಿರತೆಯ ಚರ್ಮಗಳೊಡನೆ ಚಿರತೆಯ 18,080 ಉಗುರುಗಳನ್ನು ಹಿಡಿದರು. ಭಾಗಿಸಿ ನೋಡಿದರೆ ಸಾವಿರಕ್ಕೂ ಮಿಕ್ಕಿದ ಚಿರತೆಗಳ ಲೆಕ್ಕವಾಗುತ್ತದೆ. ಇಷ್ಟು ಉಗುರುಗಳು ಬೇಕಾದುದು ಯಾರಿಗೆ? ಕಾಡಿನ ಬಡವನ ಕೊರಳಲ್ಲಿ ಬಂಗಾರದ ಕಟ್ಟಿನ ಹುಲಿಯುಗುರನ್ನು ನಾನು ಎಂದೂ ಕಂಡಿಲ್ಲ. ಕಂಡದ್ದು ನಮ್ಮಂಥವರ ಮನೆಗಳಲ್ಲಿ: ಜವಳದ ದಿನ ಕೂಸಿನ ಕೊರಳಲ್ಲಿ, ಮದುವೆಯ ದಿನ ಮದುಮಗನ ಎದೆಯ ಮೇಲೆ. ಮುಂಜಿವೆಯ ವಟುವಿನ ಜನಿವಾರಕ್ಕೆ ಕಟ್ಟುವ ಕೃಷ್ಣಾಜಿನದ ತುಂಡು ಯಾವ ಅಂಗಡಿಯಿಂದ ಬಂದಿತೆಂದು ನಾವು ಕೇಳುವುದಿಲ್ಲ. ಅಂಗಡಿಕಾರನೂ ಹೇಳುವುದಿಲ್ಲ.

2023ರ ಅಕ್ಟೋಬರದಲ್ಲಿ ಬೆಂಗಳೂರಿನಲ್ಲಿ ದೂರದರ್ಶನದ ಸ್ಪರ್ಧೆಯೊಂದರಲ್ಲಿದ್ದವನನ್ನು ಹುಲಿಯುಗುರಿನ ಪದಕ ಧರಿಸಿದನೆಂದು ಅರಣ್ಯ ಖಾತೆಯವರು ಬಂಧಿಸಿದಾಗ, ನಾಡಿನ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆಗಳ ಮುಚ್ಚಳ ತೆರೆದು ಮುಚ್ಚಿದವು. ಇಂಥ ವಸ್ತುಗಳನ್ನು ಸರಕಾರಕ್ಕೆ ತಿಳಿಸಬೇಕೆಂದು 1972ರ ಕಾಯದೆಯಲ್ಲಿಯೇ ಹೇಳಿತ್ತು. 2003ರಲ್ಲಿ ಮತ್ತೆ 180 ದಿನಗಳ ಅವಧಿ ಕೊಟ್ಟಿದ್ದರು. 2024ರ ಜನವರಿಯಲ್ಲಿ ನಮ್ಮ ರಾಜ್ಯ ಸರಕಾರವು ಅವುಗಳನ್ನು ಒಪ್ಪಿಸಲು ಮೂರು ತಿಂಗಳ ಅವಕಾಶವನ್ನು ಸಾರಿತು. ಆಗ ನಮ್ಮ ಸೋದರತ್ತೆಯವರ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಎಂಬತ್ತಾರರ ಮುದುಕಿ ಪದಕವನ್ನು ಮುಷ್ಟಿಯಲ್ಲಿ ಹಿಡಿದು, “ಇದು ನಮ್ಮ ಮಾವನವರ ಕಾಲದ್ದು. ನಾವೇನ ಹುಲಿ ಹೊಡದೇವೇನು? ಕೂಸಿಗೆ ದೃಷ್ಟಿ ಆಗಬಾರದಂತ ಕಟ್ಟೂದು” ಎಂದಳು. “ಹುಲಿ ಸಾಯದs ಉಗುರು ಬರೂದಿಲ್ಲ ಅತ್ತಿ. ನಮ್ಮ ಕೂಸಿನ ಸಲುವಾಗಿ ಅದರ ಕೂಸು ತಬ್ಬಲಿ ಆಗಿರಬೇಕು” ಎಂದೆ. ಅವಳು ಉತ್ತರ ಕೊಡಲಿಲ್ಲ. ಮರುದಿನ ತಾನಾಗಿ ಮಗನ ಕೈಯಲ್ಲಿ ಪದಕವನ್ನು ಕೊಟ್ಟು, “ಬಂಗಾರ ಬಿಡಿಸಿಕೊಂಡು ಉಗುರು ಒಪ್ಪಿಸಿ ಬಾ” ಎಂದಳು. ಪರೀಕ್ಷೆಯಾದ ಮೇಲೆ ತಿಳಿದುಬಂದುದೇನೆಂದರೆ, ಅದು ಹುಲಿಯದಲ್ಲ, ಎತ್ತಿನ ಕೋಡನ್ನು ಕೊರೆದು ಮಾಡಿದುದು! ಸುದ್ದಿ ಕೇಳಿ ಅತ್ತೆ ನಕ್ಕು, “ಅಂದ್ರ ಮೂರು ತಲಿ ನಮ್ಮನ್ನ ಕಾಯ್ದದ್ದು ಎತ್ತು ಅನ್ನು!” ಎಂದಳು. ಆ ಮನೆಯ ಮಕ್ಕಳೆಲ್ಲ ಹುಲಿಯ ಹಂಗಿಲ್ಲದೆಯೇ ಸುಖವಾಗಿ ಬೆಳೆದಿದ್ದಾರೆ. ಆದರೆ ಆ ಖೊಟ್ಟಿ ಉಗುರನ್ನು ಕಂಡು ಆಸೆಪಟ್ಟ ನೆರೆಯವರು ನಿಜವಾದುದನ್ನು ಹುಡುಕಿದ್ದರೆ ಅದರ ಲೆಕ್ಕ ಯಾರ ಕಡೆಗೆ?

ಕಾಯದೆಯ ಭಯವೊಂದೇ ಸಾಲದೆಂಬುದಕ್ಕೆ ಶ್ರೀಗಂಧವೇ ಸಾಕ್ಷಿ. 1792ರಲ್ಲಿ ಟೀಪೂ ಸುಲ್ತಾನನು ಮೈಸೂರು ಸೀಮೆಯಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದನು. ತರುವಾಯದ ಸರಕಾರಗಳೂ ಆ ಹಕ್ಕನ್ನು ಬಿಡಲಿಲ್ಲ. ಗಿಡವು ತನ್ನ ಹೊಲದಲ್ಲಿದ್ದರೂ ತನ್ನದಲ್ಲ, ಕಳುವಾದರೆ ವಿಚಾರಣೆ ಮಾತ್ರ ತನಗೆ! ಹೀಗಾಗಿ ರೈತರು ಸಸಿ ಕಂಡಲ್ಲಿಯೇ ಕಿತ್ತೊಗೆಯುವುದನ್ನು ಕಲಿತರು. 2001ರ ತಿದ್ದುಪಡಿಯಿಂದ ಭೂಮಿಯ ಒಡೆಯನೇ ಗಂಧದ ಒಡೆಯನಾದ ಮೇಲೆ ಜನರು ಅದನ್ನು ನೆಡತೊಡಗಿದರು. ಜನರನ್ನು ಹೊರಗಿಟ್ಟ ಕಾಯದೆಯು ಕಾಡಿಗೆ ಕಾವಲಾಗದು. ಇದಕ್ಕೆ ಪ್ರತಿಯಾದ ಉದಾಹರಣೆ ರಾಜಸ್ಥಾನದಲ್ಲಿದೆ. 1998ರಲ್ಲಿ ಕಾಂಕಾಣಿ ಎಂಬ ಹಳ್ಳಿಯಲ್ಲಿ ಕೃಷ್ಣಮೃಗಗಳ ಬೇಟೆಯಾದಾಗ, ಅಲ್ಲಿಯ ಬಿಷ್ಣೋಯಿ ಜನರು ಪ್ರಸಿದ್ಧ ಚಿತ್ರನಟನೊಬ್ಬನ ಎದುರಿಗೆ ಸಾಕ್ಷಿ ನುಡಿದರು. ಕೆಳಗಿನ ಕೋರ್ಟಿನ ತೀರ್ಪು ಬಂದದ್ದು 2018ರ ಏಪ್ರಿಲಿನಲ್ಲಿ. ಐದು ವರ್ಷಗಳ ಶಿಕ್ಷೆ ವಿಧಿಸಲ್ಪಟ್ಟು ಅದರ ಮೇಲೆ ಮನವಿಯೂ ಹೋಯಿತು. ಮುಂದಿನ ಮಾತು ಏನೇ ಇರಲಿ, ಹೊಲಗೆಲಸದ ಜನರು ಇಪ್ಪತ್ತು ವರ್ಷ ‘ನೆನಪಿಲ್ಲ’ ಎನ್ನಲಿಲ್ಲ. ನಾವು ಓದಿದವರು ಐದು ವರ್ಷಕ್ಕೆ ಮರೆಯಬೇಕೆ?

2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ, ಶೋಧನೆಯ ಕಾಲಕ್ಕೆ ಧ್ವನಿಚಿತ್ರಣ ಮಾಡಬೇಕೆಂಬ ನಿಯಮವಿದೆ. ಇದು ಒಳ್ಳೆಯದೇ, ಬಿಳಿ ಹಾಳೆಯ ಸಬೂಬಿಗೆ ಇನ್ನು ಎಡೆ ಕಡಮೆ. ಆದರೂ ಪಂಚರನ್ನು ಕಾಯದೆಯು ಬಿಟ್ಟಿಲ್ಲ. ಯಂತ್ರವು ಕಂಡುದನ್ನು ತೋರಿಸೀತು. ಕಟಕಟೆಯಲ್ಲಿ ನಿಂತು ಪ್ರಶ್ನೆಗೆ ಉತ್ತರ ಹೇಳಲಾರದು. ಆದುದರಿಂದ ಈ ಪತ್ರಿಕೆಯನ್ನು ಓದುವ ಗೃಹಸ್ಥರಲ್ಲಿ ಎರಡು ಮಾತುಗಳನ್ನು ವಿನಂತಿಸುತ್ತೇನೆ. ಮನೆಯ ಪೆಟ್ಟಿಗೆಯಲ್ಲಿ ಇಂಥದೇನಾದರೂ ಇದ್ದರೆ ಅರಣ್ಯ ಖಾತೆಯವರನ್ನು ಕೇಳಿ ವಿಲೇವಾರಿ ಮಾಡಿರಿ. ಹೊಸದನ್ನು ಖೊಟ್ಟಿಯೆಂದು ಹೇಳಿ ಮಾರಿದರೂ ಕೊಳ್ಳಬೇಡಿರಿ. ಎರಡನೆಯದು, ಎಂದಾದರೊಂದು ದಿನ ಖಾತೆಯವರು ಬಾಗಿಲಿಗೆ ಬಂದು ಇಬ್ಬರು ಪಂಚರು ಬೇಕೆಂದರೆ, ಚಪ್ಪಲಿ ಮೆಟ್ಟಿಕೊಂಡು ಅವರ ಸಂಗಡ ಹೊರಡಿರಿ. ಬರೆದುದನ್ನು ಪೂರ್ತಿ ಓದಿ ನೋಡಿ ಸಹಿ ಮಾಡಿರಿ. ಮನೆಗೆ ಬಂದ ಮೇಲೆ ಕಂಡುದನ್ನು ಒಂದು ವಹಿಯಲ್ಲಿ ತಾರೀಖು ಹಾಕಿ ಬರೆದಿಡಿರಿ. ಕೋರ್ಟಿನ ಕರೆ ತಡವಾಗಿ ಬರುತ್ತದೆ, ಅಷ್ಟು ಕಾಲ ನೆನಪನ್ನು ಕಾಯ್ದುಕೊಳ್ಳಬೇಕಾಗುತ್ತದೆ.