ಆಳಂದದಲ್ಲಿ ಎರಡು ದಿನಗಳು

ಕಲಬುರಗಿಯಿಂದ ವಾಯವ್ಯಕ್ಕೆ ಸುಮಾರು 40 ಕಿಲೋಮೀಟರು ಸಾಗಿದರೆ ಆಳಂದವು ದೊರೆಯುವುದು. ಅಲ್ಲಿಂದ ಮಹಾರಾಷ್ಟ್ರದ ಗಡಿಯು ದೂರವಿಲ್ಲ. ಅಕ್ಕಲಕೋಟೆ, ಉಮರ್ಗಾ, ಸೊಲ್ಲಾಪುರಗಳೊಡನೆ ಇಲ್ಲಿನ ಜನರಿಗೆ ಕೊಳುಕೊಡೆಯ ಬಳಕೆಯುಂಟು. ನಾವು ಹೊರಟದ್ದು ಪುಷ್ಯಮಾಸದ ಒಂದು ಬೆಳಿಗ್ಗೆ. ದಾರಿಯ ಇಕ್ಕೆಲದಲ್ಲಿಯೂ ಎರೆಯ ಹೊಲಗಳು. ಕೆಲವೆಡೆ ತೊಗರಿಯನ್ನು ಕೊಯ್ದು ರಾಶಿ ಹಾಕಿದ್ದರು; ಕೆಲವೆಡೆ ಬಿಳಿಜೋಳವು ಇನ್ನೂ ಹಸಿರಾಗಿ ನಿಂತಿದ್ದಿತು. ಈ ನೆಲದ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯು ದೊರೆತಿದೆ. ಅದರ ರುಚಿಯನ್ನು ಬಲ್ಲ ಗೃಹಿಣಿಯರಿಗೆ ನಾವು ಹೆಚ್ಚು ಹೇಳಬೇಕಾಗಿಲ್ಲ.

ದಾರಿಯಲ್ಲಿ ಕಡಗಂಚಿಯು ಸಿಕ್ಕುವುದು. ದತ್ತಭಕ್ತರು ಪಾರಾಯಣ ಮಾಡುವ ಗುರುಚರಿತ್ರೆಯ ಕರ್ತೃವಾದ ಸರಸ್ವತೀ ಗಂಗಾಧರನು ಈ ಊರಿನ ಸಾಯಂದೇವನ ವಂಶದವನೆಂದು ಪ್ರತೀತಿಯಿದೆ. ಕನ್ನಡವು ಮನೆಮಾತಾಗಿದ್ದವನು ಮರಾಠಿಯಲ್ಲಿ ಗ್ರಂಥವನ್ನು ಬರೆದನೆಂಬುದು ಈ ಸೀಮೆಯ ಸ್ವಭಾವವನ್ನು ತಿಳಿಯಲು ಸಾಕು. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ನೆಲೆಯೂ ಈಗ ಇದೇ ಕಡಗಂಚಿಯಲ್ಲಿರುವುದು.

ಆಳಂದವು 1948ರ ಸೆಪ್ಟೆಂಬರಿನವರೆಗೆ ನಿಜಾಮನ ರಾಜ್ಯಕ್ಕೆ ಸೇರಿದ್ದಿತು. 1956ರಲ್ಲಿ ಕನ್ನಡನಾಡಿನೊಡನೆ ಒಂದಾಯಿತು. ಆದುದರಿಂದ ಇಲ್ಲಿನ ಪೇಟೆಯಲ್ಲಿ ಕನ್ನಡ, ಉರ್ದು, ಮರಾಠಿಗಳು ಮೂರೂ ಒಂದೇ ಉಸಿರಿನಲ್ಲಿ ಕೇಳಿಬರುತ್ತವೆ. ಊರಿನ ಹೆಸರು ಹೊರಗೆ ಹಬ್ಬಿರುವುದು ಲಾಡ್ಲೆ ಮಶಾಕರ ದರ್ಗಾದಿಂದ. ಅದೇ ಆವರಣದಲ್ಲಿ ರಾಘವಚೈತನ್ಯರ ಸಮಾಧಿಯೂ ಶಿವಲಿಂಗವೂ ಇವೆ. ಸಂತ ತುಕಾರಾಮರ ಗುರುಪರಂಪರೆಯಲ್ಲಿ ಬರುವ ಹೆಸರು ಇವರದು. ಲಿಂಗದ ಪೂಜೆಯ ವಿಷಯವಾಗಿ 2022ರ ಶಿವರಾತ್ರಿಯಂದು ಊರಿನಲ್ಲಿ ಕಲ್ಲುತೂರಾಟವಾಯಿತು. 2023ರ ಶಿವರಾತ್ರಿಯಲ್ಲಿ ನ್ಯಾಯಾಲಯದ ಅಪ್ಪಣೆಯಂತೆ ಬಂದೋಬಸ್ತಿನ ನಡುವೆ ಪೂಜೆಯು ನಡೆಯಿತು. ಇದನ್ನು ಇಲ್ಲಿ ಹೇಳಲು ಕಾರಣವುಂಟು. ಮುಂದೆ ವಾಚಕರಿಗೆ ಅದು ತಿಳಿಯುವುದು.

ನಮಗೆ ಇಳಿದುಕೊಳ್ಳಲು ಎಡೆಮಾಡಿಕೊಟ್ಟವರು ಕಾಲೇಜಿನ ಉಪಾಧ್ಯಾಯರೊಬ್ಬರು. ಅವರ ಮನೆಯ ಪಡಸಾಲೆಯಲ್ಲಿ ಆ ಎರಡು ದಿನವೂ ನಾಲ್ವರು ವಿದ್ಯಾರ್ಥಿಗಳು ಲ್ಯಾಪ್‌ಟಾಪುಗಳನ್ನು ತೆರೆದುಕೊಂಡು ಕುಳಿತಿರುತ್ತಿದ್ದರು. ತಮ್ಮ ಊರನ್ನು ಕುರಿತು ಮೂರು ಭಾಷೆಗಳಲ್ಲಿ ಒಂದು ಜಾಲತಾಣವನ್ನು ರಚಿಸುವುದು ಅವರಿಗೆ ಒಪ್ಪಿಸಿದ ಕೆಲಸ. ನಾಲ್ವರಿಗೂ ಒಂದೇ ಅಂಕ. ಅವರಲ್ಲಿ ಒಬ್ಬ ಹುಡುಗನ ಮನೆಮಾತು ಉರ್ದು, ಒಬ್ಬ ಹುಡುಗಿಯದು ಮರಾಠಿ, ಉಳಿದಿಬ್ಬರದು ಕನ್ನಡ. ಪುಟದ ಅಂದಚಂದವನ್ನು ವಹಿಸಿಕೊಂಡವಳು ಸಮೀಪದ ಹಳ್ಳಿಯ ಒಕ್ಕಲುತನದ ಮನೆಯ ಹುಡುಗಿ. ಆರು ತಿಂಗಳ ಹಿಂದೆ ಅವಳಿಗೆ ಈ ವಿದ್ಯೆಯ ಗಂಧವೂ ಇರಲಿಲ್ಲವಂತೆ; ಮೊಬೈಲಿನಲ್ಲಿ ಪಾಠಗಳನ್ನು ನೋಡುತ್ತ, ಕಾಲೇಜಿನ ಗಣಕಯಂತ್ರದಲ್ಲಿ ಮಾಡಿನೋಡುತ್ತ ಕಲಿತವಳು.

ಈ ವಿದ್ಯೆಯ ಹುಟ್ಟನ್ನು ಎರಡು ಮಾತಿನಲ್ಲಿ ಹೇಳಬಹುದು. 1989ರಲ್ಲಿ ಟಿಮ್ ಬರ್ನರ್ಸ್-ಲೀ ಎಂಬವರು ಸ್ವಿಟ್ಜರ್‌ಲೆಂಡಿನ ಸರ್ನ್ ಸಂಸ್ಥೆಯಲ್ಲಿ ಜಾಲದ ಕಲ್ಪನೆಯನ್ನು ಮುಂದಿಟ್ಟರು. 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಅದನ್ನು ಸರ್ವರಿಗೂ ಉಚಿತವಾಗಿ ಬಿಟ್ಟುಕೊಟ್ಟಿತು. ಪುಟದಲ್ಲಿ ಯಾವುದು ತಲೆಬರಹ, ಯಾವುದು ಪರಿಚ್ಛೇದವೆಂದು ಹೇಳುವ ಭಾಷೆ ಎಚ್‌ಟಿಎಂಎಲ್. ಅದರ ಬಣ್ಣ, ಅಳತೆ, ಎಡೆಗಳನ್ನು ನಿಯಮಿಸುವುದು ಸಿಎಸ್‌ಎಸ್. ಇದನ್ನು 1994ರಲ್ಲಿ ಸೂಚಿಸಿದವರು ನಾರ್ವೆಯ ಹೋಕನ್ ವೀಯುಮ್ ಲೀ. ಮೊದಲನೆಯದು ಮನೆಯ ಗೋಡೆಯಾದರೆ ಎರಡನೆಯದು ಅದರ ಸುಣ್ಣಬಣ್ಣವೆನ್ನಬಹುದು.

ಹುಡುಗಿಯು ಮೊದಲು ಎದುರಿಸಿದ ತೊಡಕು ನಮ್ಮ ಲಿಪಿಯದೇ. ಇಂಗ್ಲಿಷ್ ಪುಟವೊಂದರ ಅಳತೆಯನ್ನು ಹಾಗೆಯೇ ತೆಗೆದುಕೊಂಡಿದ್ದರಿಂದ ಸಾಲುಗಳ ನಡುವೆ ಎಡೆಯು ಸಾಲದೆ, 'ಮಹಾರಾಷ್ಟ್ರ' ಎಂಬಲ್ಲಿಯ ಎರಡು ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಗುಲಿದ್ದುವು. ಅಕ್ಷರದ ಎತ್ತರದ 1.2ರಷ್ಟಿದ್ದ ಅಳತೆಯನ್ನು ಅವಳು 1.8ಕ್ಕೆ ಏರಿಸಿದಳು. ಉರ್ದುವಿನ ನಸ್ತಾಲೀಖ್ ಬರಹವು ಮೇಲಿನಿಂದ ಕೆಳಕ್ಕೆ ಇಳಿಜಾರಾಗಿ ಸಾಗುವುದರಿಂದ ಅದಕ್ಕೆ ಇನ್ನೂ ಹೆಚ್ಚಿನ ಎಡೆಯು ಬೇಕಾಯಿತು. ಅದು ಬಲದಿಂದ ಎಡಕ್ಕೆ ನಡೆಯುವ ಬರಹವೆಂದು ಪುಟಕ್ಕೆ ತಿಳಿಸದಿದ್ದರೆ ಪೂರ್ಣವಿರಾಮವು ಸಾಲಿನ ತಪ್ಪು ತುದಿಯಲ್ಲಿ ಹೋಗಿ ಕೂಡುವುದು. ಯಾವ ಭಾಗವು ಯಾವ ಭಾಷೆಯದೆಂದು ಗುರುತುಹಾಕಿದರೆ ಮಾತ್ರ, ಅಂಧರಿಗಾಗಿ ಓದಿಹೇಳುವ ಯಂತ್ರವು ಸರಿಯಾಗಿ ಉಚ್ಚರಿಸಬಲ್ಲುದು. ಇವೆಲ್ಲವನ್ನೂ ಆ ಹುಡುಗಿಯು ಉರ್ದು ಬಲ್ಲ ಗೆಳೆಯನನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಅವನು ಓದಿ ತೋರಿಸಿದಂತೆ ತಿದ್ದುತ್ತಿದ್ದಳು.

ಮೊದಲನೆಯ ದಿನ ಸಂಜೆ ಅವಳ ಅಜ್ಜನು ಸಂತೆಯಿಂದ ಅತ್ತ ಬಂದನು. ಮುತ್ಯಾನ ಕೈಗೆ ಮೊಬೈಲು ಕೊಟ್ಟು ಪುಟವನ್ನು ತೋರಿಸಿದರು. ಅವನು ಚಿತ್ರಗಳನ್ನೆಲ್ಲ ನೋಡಿ, "ಛಲೋ ಅದ ಯವ್ವಾ. ನಮ್ಮೂರಿಗಿ ಕಡೀ ಬಸ್ಸು ಎಷ್ಟಕ್ಕ ಅದ ಅಂತ ಇದರಾಗ ಎಲ್ಲಿ ಬರದೀರಿ?" ಎಂದು ಕೇಳಿದನು. ಅದನ್ನು ಯಾರೂ ಬರೆದಿರಲಿಲ್ಲ. ನಾಲ್ವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ನಕ್ಕರು. ಮರುದಿನ ಬೆಳಿಗ್ಗೆ ಮರಾಠಿಯ ಹುಡುಗಿಯು ಬಸ್ ನಿಲ್ದಾಣಕ್ಕೆ ಹೋಗಿ ವೇಳಾಪಟ್ಟಿಯನ್ನು ಬರೆದುಕೊಂಡು ಬಂದಳು.

ಆದರೆ ದರ್ಗಾದ ಪುಟವು ಇಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಇವರು ತಮ್ಮ ಬರಹಗಳನ್ನು ಒಂದುಗೂಡಿಸಲು ಗಿಟ್ ಎಂಬ ಸಾಧನವನ್ನು ಬಳಸುವರು. 2005ರಲ್ಲಿ ಲೀನಸ್ ಟೋರ್ವಾಲ್ಡ್ಸ್ ರಚಿಸಿದ ಇದು ಯಾರು, ಯಾವಾಗ, ಏನನ್ನು ತಿದ್ದಿದರೆಂಬ ಲೆಕ್ಕವನ್ನು ಇಡುವುದು. ಒಂದೇ ಸಾಲನ್ನು ಇಬ್ಬರು ಬೇರೆಬೇರೆಯಾಗಿ ಬರೆದರೆ ಅದು ಯಾರ ಪಕ್ಷವನ್ನೂ ಹಿಡಿಯದೆ, ಎರಡನ್ನೂ ಒಂದರ ಕೆಳಗೊಂದು ಇಟ್ಟು, ಯಾವುದನ್ನು ಉಳಿಸಬೇಕೆಂಬುದನ್ನು ಮನುಷ್ಯರಿಗೇ ಬಿಡುವುದು. ಆ ಪುಟವನ್ನು ಉರ್ದು ಮನೆಯ ಹುಡುಗನೂ ಕನ್ನಡ ಮನೆಯ ಹುಡುಗನೂ ಇಬ್ಬರೂ ಬರೆದಿದ್ದರು. ಒಬ್ಬನ ಬರಹದಲ್ಲಿ ಸಮಾಧಿಯ ಮಾತು ಒಂದು ಸಾಲು. ಇನ್ನೊಬ್ಬನದರಲ್ಲಿ ದರ್ಗಾದ ಮಾತು ಒಂದು ಸಾಲು. ಯಂತ್ರವು ನಿಂತಿತು, ಮಾತು ಬೆಳೆಯಿತು. ಒಬ್ಬನು, "ನಮ್ಮ ಮನ್ಯಾಗ ಇದನ್ನ ನೋಡಿದ್ರ ನನಗ ಗುಂಪು ಬಿಡು ಅಂತಾರ" ಎಂದನು. ಇನ್ನೊಬ್ಬನು, "ನಮ್ಮನ್ಯಾಗೂ ಅಷ್ಟ" ಎಂದನು. ಎರಡು ವರ್ಷ ಒಂದೇ ಬೆಂಚಿನಲ್ಲಿ ಕುಳಿತ ಹುಡುಗರು ಅಂದಿನ ಊಟಕ್ಕೆ ಜೊತೆಯಲ್ಲಿ ಕೂಡಲಿಲ್ಲ.

ಹುಡುಗಿಯು ಒಂದು ಉಪಾಯವನ್ನು ಮಾಡಿದಳು. ಎರಡು ಬರಹಗಳನ್ನೂ ಎರಡು ಸಮಾನವಾದ ಚೌಕಗಳಲ್ಲಿ ಪಕ್ಕಪಕ್ಕದಲ್ಲಿ ಇರಿಸಿದಳು. ಲ್ಯಾಪ್‌ಟಾಪಿನಲ್ಲಿ ನೋಡಿದಾಗ ಎಲ್ಲರಿಗೂ ಒಪ್ಪಿಗೆಯಾಯಿತು. ಆದರೆ ಈ ಕಾಲದ ಪುಟವು ನೋಡುವ ಪರದೆಗೆ ತಕ್ಕಂತೆ ಮಡಿಚಿಕೊಳ್ಳಬೇಕು. 2010ರಲ್ಲಿ ಅಮೆರಿಕದ ಈಥನ್ ಮಾರ್ಕಾಟ್ ಈ ಪದ್ಧತಿಗೆ ಹೆಸರು ಕೊಟ್ಟು ವಿವರಿಸಿದಂದಿನಿಂದ ಅದು ಎಲ್ಲೆಡೆಯೂ ರೂಢಿಯಾಗಿದೆ. ಮೊಬೈಲಿನ ಕಿರಿದಾದ ಪರದೆಯಲ್ಲಿ ಎರಡು ಚೌಕಗಳಿಗೆ ಪಕ್ಕಪಕ್ಕದಲ್ಲಿ ಸ್ಥಳವಿಲ್ಲ. ಒಂದು ಮೇಲೆ ಹೋಗಬೇಕು, ಇನ್ನೊಂದು ಕೆಳಗೆ ಬರಬೇಕು. ಊರಿನವರೆಲ್ಲ ನೋಡುವುದು ಮೊಬೈಲಿನಲ್ಲಿಯೇ! ಯಾವುದು ಮೇಲೆ? ಜಗಳವು ಮತ್ತೆ ಮೊದಲಿಗೆ ಬಂದಿತು. ಒಂದು ಸಲ ಇದು, ಒಂದು ಸಲ ಅದು ಮೇಲೆ ಬರುವಂತೆ ಮಾಡೋಣವೆಂದು ಮರಾಠಿಯ ಹುಡುಗಿಯು ಸೂಚಿಸಿದಳು; ಚಿತ್ರ ತೆಗೆದು ಹಂಚುವವನು ತನಗೆ ಬೇಕಾದುದನ್ನೇ ಹಂಚುವನೆಂದು ಉಳಿದವರು ಒಪ್ಪಲಿಲ್ಲ.

ಉಪಾಧ್ಯಾಯರು ಈ ನಡುವೆ ಬಾಯಿ ಹಾಕಲಿಲ್ಲ. ನಾವೂ ಸುಮ್ಮನಿದ್ದೆವು. ಎರಡನೆಯ ದಿನ ಮಧ್ಯಾಹ್ನ ಹುಡುಗಿಯು ಎರಡು ಚೌಕಗಳನ್ನೂ ಅಳಿಸಿಹಾಕಿ, "ಇಲ್ಲಿ ಒಂದ ಪ್ಯಾರಾ ಇರ್ತದ. ನೀವಿಬ್ಬರೂ ಕೂಡಿ ಬರೀರಿ. ಬರಿಯೂ ತನಕ ಪುಟ ಖಾಲಿ ಇರಲಿ" ಎಂದಳು. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ಒಬ್ಬನು ಎದ್ದು ಚಪ್ಪಲಿ ಮೆಟ್ಟಿಕೊಂಡನು. ಇನ್ನೊಬ್ಬನೂ ಹಿಂದೆಯೇ ಹೊರಟನು. ದರ್ಗಾಕ್ಕೆ ಹೋಗಿ, ಕಣ್ಣಾರೆ ಕಂಡುದನ್ನು ಬರೆದುಕೊಂಡು, ದೀಪ ಹಚ್ಚುವ ಹೊತ್ತಿಗೆ ಹಿಂದಿರುಗಿದರು. ಅವರು ಬರೆದುದು ಒಂಬತ್ತು ವಾಕ್ಯಗಳು. ಇಬ್ಬರು ಮಹಾತ್ಮರ ಹೆಸರೂ ಮೊದಲನೆಯ ವಾಕ್ಯದಲ್ಲಿಯೇ ಇದ್ದುವು. 2022 ಮತ್ತು 2023ರ ಸಂಗತಿಗಳು ವಿಶೇಷಣಗಳಿಲ್ಲದೆ ಎರಡು ವಾಕ್ಯಗಳಲ್ಲಿ ಇದ್ದುವು. ಮೊದಲನೆಯ ವಾಕ್ಯದಲ್ಲಿ ಯಾವ ಹೆಸರು ಮುಂದೆ ಎಂದು ನಾವು ಕೇಳಿದೆವು. ಕನ್ನಡದಲ್ಲಿ ಒಂದು, ಉರ್ದುವಿನಲ್ಲಿ ಇನ್ನೊಂದು, ಮರಾಠಿಯಲ್ಲಿ ಅಕಾರಾದಿಯೆಂದು ಹುಡುಗಿಯು ಹೇಳಿದಳು. ಕನ್ನಡದಲ್ಲಿ ಮೊದಲು ಬಂದುದು ಲಾಡ್ಲೆ ಮಶಾಕರ ಹೆಸರು, ಉರ್ದುವಿನಲ್ಲಿ ರಾಘವಚೈತನ್ಯರದು. ಹಾಗೆಂದು ಒಪ್ಪಿಕೊಂಡವರು ಆ ಇಬ್ಬರು ಹುಡುಗರೇ.

ಆ ರಾತ್ರಿ ಜೋಳದ ರೊಟ್ಟಿ, ಶೇಂಗಾಹಿಂಡಿ, ತೊಗರಿಬೇಳೆಯ ಪಲ್ಯಗಳ ಊಟಕ್ಕೆ ನಾಲ್ವರೂ ಒಂದೇ ಸಾಲಿನಲ್ಲಿ ಕುಳಿತರು. ಅವರವರ ಮನೆಗಳಲ್ಲಿ ಆ ಪುಟವನ್ನು ನೋಡಿ ಏನೆನ್ನುವರೆಂಬ ಅಂಜಿಕೆಯು ಇಬ್ಬರ ಮುಖದಲ್ಲಿಯೂ ಇದ್ದೇ ಇದ್ದಿತು.

ಮಕ್ಕಳು ಯಂತ್ರದ ಮುಂದೆ ಕುಳಿತು ಕಾಲಹರಣ ಮಾಡುವರೆಂದು ನಮ್ಮ ಮನೆಗಳಲ್ಲಿ ದೂರುವುದುಂಟು. ಕುಳಿತು ಏನು ಮಾಡುತ್ತಿರುವರೆಂದು ಒಮ್ಮೆ ಪಕ್ಕದಲ್ಲಿ ಕುಳಿತು ನೋಡುವುದು ಹಿರಿಯರಿಗೆ ಲೇಸು. ಆ ಮುತ್ಯಾನಂತೆ ಒಂದು ಪ್ರಶ್ನೆಯನ್ನು ಕೇಳಿದರೆ ಇನ್ನೂ ಲೇಸು. ಆಳಂದಕ್ಕೆ ಹೋಗಬಯಸುವವರಿಗೆ ಕಲಬುರಗಿಯಿಂದ ಬಸ್ಸುಗಳ ಅನುಕೂಲವಿದೆ. ಬೇಸಗೆಯ ಬಿಸಿಲು ಕಡುತರವಾದುದರಿಂದ ಮಾರ್ಗಶಿರ, ಪುಷ್ಯಮಾಸಗಳೇ ಪ್ರವಾಸಕ್ಕೆ ಯೋಗ್ಯವಾದ ಕಾಲವು. ಹೊಲಗಳಲ್ಲಿ ರಾಶಿಯ ಸಂಭ್ರಮವನ್ನೂ ಆಗಲೇ ಕಾಣಬಹುದು.