ತೊರೆಯೊಳಗಿನ ಸ್ವಯಂವರ

ಟ್ರಿನಿಡಾಡ್ ದ್ವೀಪದ ಉತ್ತರದ ಬೆಟ್ಟಗಳಿಂದ ಇಳಿಯುವ ತೊರೆಗಳಲ್ಲಿ ಗಪ್ಪಿ ಎಂಬ ಪುಟ್ಟ ಮೀನುಂಟು. ಗಂಡು ಬೆರಳಿನ ಅರ್ಧದಷ್ಟೂ ಉದ್ದವಿಲ್ಲ. ಆದರೆ ಮೈಮೇಲಿನ ಕಿತ್ತಳೆ, ಕಪ್ಪು, ನೀಲಿ ಬೊಟ್ಟುಗಳನ್ನು ನೋಡಿದರೆ ಮದುವಣಿಗನೇ ಸರಿ. ಹೆಣ್ಣಿನದು ಬರಿಯ ಬೂದು ಬಣ್ಣ. ಆದರೂ ಆರಿಸುವ ಅಧಿಕಾರ ಅವಳದು. ಅವನು ಮೈಯನ್ನು ಬಿಲ್ಲಿನಂತೆ ಬಾಗಿಸಿ, ನಡುಗುತ್ತ, ಅವಳೆದುರು ತನ್ನ ಸಿರಿಯನ್ನು ಮೆರೆಸಬೇಕು. (ಒಪ್ಪಿಗೆ ಕೇಳದೆ ಮೇಲೆ ಬೀಳುವ ಪುಂಡರೂ ಇಲ್ಲದಿಲ್ಲ, ಅದು ಬೇರೆ ಮಾತು.)

ಬಹಳಷ್ಟು ತೊರೆಗಳಲ್ಲಿ ಅವಳ ಒಲವು ಕಿತ್ತಳೆಯ ಕಡೆಗೆ. ಆ ಬಣ್ಣಕ್ಕೆ ಬೇಕಾದ ಕೆರೋಟಿನಾಯ್ಡ್ ದ್ರವ್ಯವನ್ನು ಮೀನಿನ ದೇಹ ತಾನಾಗಿ ತಯಾರಿಸಲಾರದು. ಪಾಚಿಯಿಂದಲೋ ನೀರಿಗೆ ಉದುರಿದ ಹಣ್ಣಿನಿಂದಲೋ ಪಡೆಯಬೇಕು. ಚೆನ್ನಾಗಿ ಉಂಡವನೇ ಚೆನ್ನಾಗಿ ಹೊಳೆಯುವನು. ಹೆಣ್ಣಿನ ಈ ಮೋಹದ ಮೂಲ ಹಣ್ಣಿನ ಆಸೆಯೇ ಇರಬಹುದೆಂದು 2002ರಲ್ಲಿ ಕೆಲವು ವಿಜ್ಞಾನಿಗಳು ತರ್ಕಿಸಿದರು. ಪಾಪ, ವರ ಹಣ್ಣಿನ ವೇಷ ತೊಟ್ಟಂತಾಯಿತು!

ಮೆಚ್ಚಿಗೆ ಪಡೆದವನ ಬೊಟ್ಟುಗಳು ಗಂಡುಮರಿಗಳಿಗೆ ಬರುತ್ತವೆ. ಹೀಗೆ ತಲೆಮಾರಿನಿಂದ ತಲೆಮಾರಿಗೆ ಬಣ್ಣ ಏರಬೇಕು. ಆದರೆ ಹೆಣ್ಣಿನ ಕಣ್ಣಿಗೆ ಬಿದ್ದದ್ದು ಹಗೆಯ ಕಣ್ಣಿಗೂ ಬೀಳುತ್ತದೆ. ಜಲಪಾತದ ಕೆಳಗೆ ಗಪ್ಪಿಗಳನ್ನು ನುಂಗುವ ದೊಡ್ಡ ಮೀನುಗಳಿವೆ. ಅಲ್ಲಿನ ಗಂಡುಗಳು ಮಂಕು. ಅವು ಏರಲಾರದ ಮೇಲಿನ ಮಡುಗಳಲ್ಲಿ ಗಂಡುಗಳು ವರ್ಣಮಯ.

1976ರಲ್ಲಿ ಜಾನ್ ಎಂಡ್ಲರ್ ಎಂಬ ವಿಜ್ಞಾನಿ ಹಗೆಗಳ ನಡುವೆ ಬಾಳುತ್ತಿದ್ದ ಸುಮಾರು 200 ಗಪ್ಪಿಗಳನ್ನು ಹಿಡಿದು, ಅಂಥ ಭಯವಿಲ್ಲದ, ಗಪ್ಪಿಗಳೇ ಇಲ್ಲದ ತೊರೆಯೊಂದಕ್ಕೆ ಬಿಟ್ಟನು. ಎರಡು ವರ್ಷ ತುಂಬುವ ಮೊದಲೇ ಅವನು ಮತ್ತೆ ಬಲೆ ಹಾಕಿದಾಗ, ಆ ಮಂಕು ತಂದೆಗಳ ವಂಶದ ಗಂಡುಗಳ ಮೈಮೇಲೆ ಬೊಟ್ಟುಗಳು ಹೆಚ್ಚಿದ್ದವು, ಹಿರಿದಾಗಿದ್ದವು.